ಹಳೆಯ ಕಚೇರಿಗಳ ಧ್ವನಿಸುರುಳಿಗಳೂ ಗ್ರಂಥಸಂಪಾದನೆಯ ನ್ಯಾಯವೂ

೧

ಮೈಸೂರು ಸೀಮೆಯ ಸಂಗೀತಚರಿತ್ರೆಯನ್ನು ಬರೆಯಲು ಹೊರಟವರಿಗೆ ದೊರೆಯುವ ಆಧಾರಗಳು ಎರಡು ತೆರನಾದುವು; ಒಂದು ಬರಹ, ಮತ್ತೊಂದು ಧ್ವನಿ. ವೀಣೆ ಶೇಷಣ್ಣನವರು ೧೯೨೬ರಲ್ಲಿಯೂ ಬಿಡಾರಂ ಕೃಷ್ಣಪ್ಪನವರು ೧೯೩೧ರಲ್ಲಿಯೂ ಗತಿಸಿದರು. ಅವರು ಗಂಟೆಗಟ್ಟಲೆ ನಡೆಸುತ್ತಿದ್ದ ಕಚೇರಿಗಳ ಸ್ವರೂಪವನ್ನು ಈಗ ತಿಳಿಯಬೇಕಾದರೆ ಮೈಸೂರು ವಾಸುದೇವಾಚಾರ್ಯರ ‘ನಾ ಕಂಡ ಕಲಾವಿದರು’ ಮೊದಲಾದ ಬರಹಗಳನ್ನೇ ಆಶ್ರಯಿಸಬೇಕಾಗಿದೆ. ಕೇಳಿದವರ ಮಾತು ಎಷ್ಟೇ ಪ್ರಾಮಾಣಿಕವಾದರೂ ಅದು ಕೇಳಿದ ನಾದವಾಗಲಾರದು. ಗ್ರಾಮಫೋನು ತಟ್ಟೆಗಳು ಬಂದ ಮೇಲೆಯೂ ಈ ಕೊರತೆ ಪೂರ್ತಿಯಾಗಿ ತೀರಲಿಲ್ಲ. ನಿಮಿಷಕ್ಕೆ ೭೮ ಸುತ್ತು ತಿರುಗುವ ತಟ್ಟೆಯ ಒಂದು ಮಗ್ಗುಲಲ್ಲಿ ಹಿಡಿಯುತ್ತಿದ್ದುದು ಸುಮಾರು ಮೂರು ನಿಮಿಷಗಳ ಸಂಗೀತ ಮಾತ್ರ. ರಾಗವಿಸ್ತಾರ, ಪಲ್ಲವಿ, ತನಿಯಾವರ್ತನ ಇವುಗಳಿಗೆ ಅಷ್ಟರಲ್ಲಿ ಎಡೆಯೆಲ್ಲಿ? ತಟ್ಟೆಯಲ್ಲಿ ಉಳಿದುದು ಕಚೇರಿಯ ಸಾರವೇ ಹೊರತು ಕಚೇರಿಯಲ್ಲ.

ಕಚೇರಿಯನ್ನು ಅದರ ಸಹಜವಾದ ಉದ್ದದಲ್ಲಿ ಹಿಡಿದಿಟ್ಟ ಮೊದಲನೆಯ ಸಾಧನವೆಂದರೆ ಕಾಂತೀಯ ಟೇಪು. ಜರ್ಮನಿಯಲ್ಲಿ ೧೯೩೫ರಲ್ಲಿ ಟೇಪಿನ ಯಂತ್ರವು ಸಾರ್ವಜನಿಕರ ಮುಂದೆ ಪ್ರದರ್ಶಿತವಾಯಿತು. ಮರುವರ್ಷ ನವೆಂಬರ್ ೧೯ರಂದು ಲುಡ್ವಿಗ್ಸ್‌ಹಾಫೆನ್ ಪಟ್ಟಣದಲ್ಲಿ ಥಾಮಸ್ ಬೀಚಮ್ ನಡೆಸಿದ ಲಂಡನ್ ಫಿಲ್‌ಹಾರ್ಮೋನಿಕ್ ವಾದ್ಯವೃಂದದ ಕಚೇರಿಯನ್ನು ಅದರಲ್ಲಿ ಮುದ್ರಿಸಿದರು. ಅದೇ ೧೯೩೫ರಲ್ಲಿ ಮೈಸೂರಿನಲ್ಲಿ ಪ್ರೊಫೆಸರ್ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲಿಯೇ ಬಾನುಲಿ ನಿಲಯವೊಂದನ್ನು ಆರಂಭಿಸಿದರು. ‘ಆಕಾಶವಾಣಿ’ ಎಂಬ ಹೆಸರು ಆ ನಿಲಯದ ಮೂಲಕವೇ ನಾಡಿಗೆ ಪರಿಚಿತವಾಯಿತು. ಆ ನಿಲಯವು ೧೯೫೫ರಲ್ಲಿ ಬೆಂಗಳೂರಿಗೆ ಸಾಗಿತು. ಧಾರವಾಡದ ನಿಲಯವು ೧೯೫೦ರಲ್ಲಿ ತೆರೆಯಿತು. ಮುಂದಿನ ದಶಕಗಳಲ್ಲಿ ಬಾನುಲಿ ನಿಲಯಗಳಲ್ಲಿಯೂ, ಬೆಂಗಳೂರಿನ ಕೋಟೆ ಹೈಸ್ಕೂಲಿನ ಮೈದಾನದ ರಾಮನವಮಿ ಕಚೇರಿಗಳಂತಹ ಸಭೆಗಳಲ್ಲಿಯೂ, ರಸಿಕರ ಮನೆಗಳಲ್ಲಿಯೂ ಟೇಪಿನ ಸುರುಳಿಗಳು ಸೇರತೊಡಗಿದುವು. ೧೯೬೩ರಲ್ಲಿ ಫಿಲಿಪ್ಸ್ ಸಂಸ್ಥೆಯು ಕ್ಯಾಸೆಟ್ಟನ್ನು ಹೊರತಂದ ಮೇಲೆ ಈ ಸೌಕರ್ಯವು ಕ್ರಮವಾಗಿ ಹಳ್ಳಿಗಳಿಗೂ ಹಬ್ಬಿತು.

ಈ ಸುರುಳಿಗಳನ್ನು ಡಿಜಿಟಲ್ ರೂಪಕ್ಕೆ ತಂದು, ಗದ್ದಲವನ್ನು ತೆಗೆದು, ಕೇಳಲು ಹಿತವಾಗುವಂತೆ ಪುನಃಸಂಸ್ಕರಿಸುವ ಕೆಲಸವು ಈಗ ಹಲವೆಡೆ ನಡೆಯುತ್ತಿದೆ. ಆಕಾಶವಾಣಿಯೇ ತನ್ನ ಭಂಡಾರದ ಮುದ್ರಣಗಳನ್ನು ೨೦೦೩ರಿಂದ ‘ಆಕಾಶವಾಣಿ ಸಂಗೀತ್’ ಎಂಬ ಹೆಸರಿನಲ್ಲಿ ಹೊರತರತೊಡಗಿತು. ಇದನ್ನು ಯಂತ್ರಜ್ಞರಿಗೆ ಮಾತ್ರ ಸೇರಿದ ಕೆಲಸವೆಂದು ಭಾವಿಸುವುದು ವಾಡಿಕೆ. ಆದರೆ ವಿಚಾರಮಾಡಿ ನೋಡಿದರೆ, ಓಲೆಯ ಪ್ರತಿಯಿಂದ ಕಾವ್ಯವೊಂದನ್ನು ಸಂಪಾದಿಸುವ ಕೆಲಸಕ್ಕೂ ಇದಕ್ಕೂ ತತ್ತ್ವದಲ್ಲಿ ಭೇದವಿಲ್ಲ. ಡಿ. ಎಲ್. ನರಸಿಂಹಾಚಾರ್ಯರು ‘ಕನ್ನಡ ಗ್ರಂಥಸಂಪಾದನೆ’ಯಲ್ಲಿ ವ್ಯವಸ್ಥಿತವಾಗಿ ನಿರೂಪಿಸಿದ ಶಾಸ್ತ್ರವು ಕನ್ನಡ ವಿದ್ವಾಂಸರಿಗೆ ಪರಿಚಿತವಾದುದೇ. ಅದರ ನಿಯಮಗಳು ಧ್ವನಿಸುರುಳಿಗೆ ಹೇಗೆ ಅನ್ವಯಿಸುತ್ತವೆ, ಅವನ್ನು ಮೀರಿದರೆ ಏನು ನಷ್ಟವಾಗುತ್ತದೆ ಎಂಬುದೇ ಇಲ್ಲಿಯ ವಿಷಯ.

೨

ಮೊದಲು ಪ್ರತಿಯ ದೇಹವನ್ನು ತಿಳಿಯಬೇಕು. ಟೇಪೆಂದರೆ ತೆಳುವಾದ ಒಂದು ಪಟ್ಟಿ. ಅದರ ಮೇಲೆ ಕಬ್ಬಿಣದ ಆಕ್ಸೈಡಿನ ನುಣ್ಣನೆಯ ಪುಡಿ. ಪುಡಿಯನ್ನು ಪಟ್ಟಿಗೆ ಕಚ್ಚಿಸುವ ಒಂದು ಅಂಟು. ನಾದವು ಪುಡಿಯ ಕಾಂತತ್ವದಲ್ಲಿ ಅಡಗಿರುತ್ತದೆ. ಪುಡಿಯು ಬಹುಕಾಲ ಬಾಳತಕ್ಕದ್ದು. ಮೊದಲು ಕೆಡುವುದು ಪಟ್ಟಿ ಅಥವಾ ಅಂಟು. ಹಳೆಯ ಸುರುಳಿಗಳ ಪಟ್ಟಿಯು ಅನೇಕ ವೇಳೆ ಸೆಲ್ಯುಲೋಸ್ ಅಸಿಟೇಟಿನದು. ಅದು ಶಿಥಿಲವಾದಾಗ ವಿನಿಗರಿನ ಹುಳಿವಾಸನೆ ಹೊಮ್ಮುತ್ತದೆ. ಪಟ್ಟಿಯು ಗರಿಗರಿಯಾಗಿ ಮುರಿಯುತ್ತದೆ. ಆದರೆ ಮುರಿದ ಅಂಚುಗಳು ನೇರವಾಗಿರುವುದರಿಂದ ಅವನ್ನು ಜೋಡಿಸಬಹುದು. ಅನಂತರ ಬಂದ ಪಾಲಿಯೆಸ್ಟರ್ ಪಟ್ಟಿಯು ಸುಲಭವಾಗಿ ಮುರಿಯದು. ಎಳೆತಕ್ಕೆ ಸಿಕ್ಕಿ ಉದ್ದವಾದರೆ ಮಾತ್ರ ಅದರಲ್ಲಿದ್ದ ಸ್ವರವು ಹಿಂದಿನಂತಾಗದು.

೧೯೭೦ ಮತ್ತು ೧೯೮೦ರ ದಶಕಗಳ ಕೆಲವು ಜಾತಿಯ ಟೇಪುಗಳಲ್ಲಿ ಅಂಟು ಗಾಳಿಯ ತೇವವನ್ನು ಹೀರಿ ಜಿಗುಟಾಗುತ್ತದೆ. ಅಂತಹ ಸುರುಳಿಯನ್ನು ಹಾಗೆಯೇ ಓಡಿಸಿದರೆ ಯಂತ್ರದ ತಲೆಗೆ ಮೆತ್ತಿಕೊಂಡು ಪುಡಿಯೇ ಕಳಚಿಬರುವುದು. ಅದನ್ನು ಸುಮಾರು ೫೦ ಡಿಗ್ರಿ ಸೆಲ್ಸಿಯಸ್ಸಿನ ಹದವಾದ ಒಣಶಾಖದಲ್ಲಿ ಹಲವು ಗಂಟೆಗಳ ಕಾಲ ಇಟ್ಟರೆ ಅಂಟು ತಾತ್ಕಾಲಿಕವಾಗಿ ಬಿಗಿಯುತ್ತದೆ. ಆ ಅವಧಿಯಲ್ಲಿ ಪ್ರತಿಮಾಡಿಕೊಳ್ಳಬೇಕು. ಅಸಿಟೇಟಿನ ಸುರುಳಿಗೆ ಇದೇ ಚಿಕಿತ್ಸೆಯನ್ನು ಮಾಡಿದರೆ ಅದು ಹಾಳಾಗುವುದು. ಆದುದರಿಂದ ಪಟ್ಟಿಯ ಜಾತಿಯನ್ನು ನಿರ್ಣಯಿಸದೆ ಕೈಹಾಕಬಾರದು. ಸುರುಳಿಯನ್ನು ಬೆಳಕಿಗೆ ಅಡ್ಡಹಿಡಿದಾಗ ಅಸಿಟೇಟು ಸಾಮಾನ್ಯವಾಗಿ ಬೆಳಕನ್ನು ಒಳಬಿಡುತ್ತದೆ, ಪಾಲಿಯೆಸ್ಟರು ಬಿಡುವುದಿಲ್ಲ. ಇದು ಮೊದಲನೆಯ ಪರೀಕ್ಷೆ.

ಮೈಸೂರು ಜಿಲ್ಲೆಯ ಪಡುವಣ ತಾಲ್ಲೂಕುಗಳಲ್ಲಿ ಈ ಎಚ್ಚರವು ವಿಶೇಷವಾಗಿ ಬೇಕು. ಪಿರಿಯಾಪಟ್ಟಣದ ಹಾರನಹಳ್ಳಿ, ಬೆಟ್ಟದಪುರಗಳ ಸೀಮೆಯೂ, ಹುಣಸೂರು, ಹೆಗ್ಗಡದೇವನಕೋಟೆಗಳೂ ಮಲೆನಾಡಿನ ಸೆರಗಿನಲ್ಲಿವೆ; ಮಳೆಗಾಲದ ತೇವವೂ ಬೇಸಗೆಯ ಶಾಖವೂ ಸರದಿಯಾಗಿ ಬಂದು ಟೇಪನ್ನು ಹಿಗ್ಗಿಸಿ ಕುಗ್ಗಿಸುತ್ತವೆ. ಕೃಷ್ಣರಾಜನಗರ ತಾಲ್ಲೂಕಿಗೆ ಅನತಿದೂರದಲ್ಲಿ, ಕಾವೇರಿಯ ದಡದಲ್ಲಿರುವ ರುದ್ರಪಟ್ಟಣವು ಆರ್. ಕೆ. ಶ್ರೀಕಂಠನ್ ಮೊದಲಾದ ವಿದ್ವಾಂಸರ ತವರು. ಇಂತಹ ಸೀಮೆಯಲ್ಲಿ ಕಚೇರಿ, ಹರಿಕಥೆ, ಪೌರಾಣಿಕ ನಾಟಕಗಳ ಧ್ವನಿಯು ಅಟ್ಟದ ಮೇಲಿನ ಪೆಟ್ಟಿಗೆಯಲ್ಲಿ ಸಿಕ್ಕಬಹುದಾದುದರಿಂದ, ಸಿಕ್ಕಿದ ಕೂಡಲೆ ಕುತೂಹಲಕ್ಕಾಗಿ ಓಡಿಸಿ ನೋಡುವುದು ಅಪಾಯ. ಹುಳು ತಿಂದ ಓಲೆಗರಿಯನ್ನು ಬಲವಂತವಾಗಿ ಬಿಡಿಸಿದವರಿಗೆ ಓದಲು ಪುಡಿಯೇ ಉಳಿಯುತ್ತದೆ.

೩

ಗ್ರಂಥಸಂಪಾದಕನ ಮೊದಲ ಕರ್ತವ್ಯವು ಮೂಲವನ್ನು ಇದ್ದುದು ಇದ್ದಂತೆ ಪ್ರತಿಮಾಡಿಕೊಳ್ಳುವುದು. ಟೇಪಿನಲ್ಲಿಯೂ ಹಾಗೆಯೇ. ಓಡಿಸುವ ಯಂತ್ರದ ತಲೆಯು ಮುದ್ರಿಸಿದ ಯಂತ್ರದ ತಲೆಯ ಕೋನಕ್ಕೆ ಸರಿಯಾಗಿ ಹೊಂದಿರಬೇಕು. ಕೂದಲೆಳೆಯಷ್ಟು ಓರೆಯಾದರೂ ಮೇಲಿನ ಸ್ವರಾಂಶಗಳು ಮಂಕಾಗುತ್ತವೆ. ಹೀಗೆ ಕಳೆದುಹೋದುದನ್ನು ಅನಂತರ ಎಷ್ಟು ತಿದ್ದಿದರೂ ಮರಳಿ ಪಡೆಯಲಾಗದು. ಸುರುಳಿಯ ಪೂರ್ಣ ಅಗಲದಲ್ಲಿ ಒಂದೇ ಮುದ್ರಣವಿದೆಯೋ, ಅರ್ಧರ್ಧವಾಗಿ ಎರಡು ದಿಕ್ಕಿನಲ್ಲಿ ಇದೆಯೋ ಎಂಬುದನ್ನು ಕಂಡುಕೊಳ್ಳಬೇಕು. ಇಲ್ಲದಿದ್ದರೆ ಒಂದು ಕೃತಿಯ ಹಿಂದೆ ಮತ್ತೊಂದು ಕೃತಿ ತಿರುಗುಮುರುಗಾಗಿ ಕೇಳಿಬರುವುದು.

ಹೀಗೆ ಹೊಮ್ಮಿದ ನಾದವನ್ನು ಅಂಕಗಳಾಗಿ ಮಾರ್ಪಡಿಸುವುದೇ ಡಿಜಿಟಲ್ ಪ್ರತೀಕರಣ. ಧ್ವನಿಭಂಡಾರಗಳ ಅಂತರರಾಷ್ಟ್ರೀಯ ಸಂಘವು ೨೦೦೪ರಲ್ಲಿ ಪ್ರಕಟಿಸಿ ೨೦೦೯ರಲ್ಲಿ ಪರಿಷ್ಕರಿಸಿದ ನಿಯಮಾವಳಿಯು, ಸೆಕೆಂಡಿಗೆ ೯೬,೦೦೦ ಸಲ ಅಳೆದು ಪ್ರತಿಯೊಂದು ಅಳತೆಯನ್ನೂ ೨೪ ಬಿಟ್ಟುಗಳಲ್ಲಿ ಬರೆಯುವುದು ಯುಕ್ತವೆಂದು ಹೇಳುತ್ತದೆ. ಈ ಪ್ರಮಾಣದಲ್ಲಿ ಒಂದೇ ವಾಹಿನಿಯ ಒಂದು ಗಂಟೆಯ ಕಚೇರಿಗೆ ಸುಮಾರು ಒಂದು ಗಿಗಾಬೈಟಿನಷ್ಟು ಸ್ಥಳ ಬೇಕು. ಅದನ್ನು ಕುಗ್ಗಿಸಿ ಇಡುವುದು ಹಿಂದೆ ಒಪ್ಪತಕ್ಕ ಮಿತವ್ಯಯವೆನಿಸಿದ್ದರೂ ಈಗ ಅದಕ್ಕೆ ಕಾರಣವಿಲ್ಲ. ಈ ಪ್ರತಿಯಲ್ಲಿ ಕೆಮ್ಮು, ಗುಂಯ್‌ಗುಡುವಿಕೆ, ಸುರುಳಿ ಮುಗಿದ ಸದ್ದು ಎಲ್ಲವೂ ಇರತಕ್ಕದ್ದು. ಇದೇ ಮಾತೃಕೆ. ಇದಕ್ಕೆ ಯಾರೂ ತಿದ್ದುಪಡಿ ಮಾಡಬಾರದು.

೪

ಸಂಗೀತದ ಪ್ರತಿಯಲ್ಲಿ ಅತಿ ಸೂಕ್ಷ್ಮವಾದ ಪಾಠವೆಂದರೆ ಶ್ರುತಿ. ಟೇಪು ಓಡುವ ವೇಗವು ನೂರಕ್ಕೆ ಆರರಷ್ಟು ಹೆಚ್ಚಿದರೆ ಶ್ರುತಿಯು ಹಾರ್ಮೋನಿಯಂನ ಒಂದು ಬಿಳಿಯ ಮನೆಯಿಂದ ಪಕ್ಕದ ಕರಿಯ ಮನೆಗೆ ಏರಿಬಿಡುತ್ತದೆ; ೬೦ ನಿಮಿಷದ ಕಚೇರಿಯು ಐವತ್ತಾರೂವರೆ ನಿಮಿಷದಲ್ಲಿ ಮುಗಿಯುತ್ತದೆ. ಗಾಯಕನ ಕಂಠವೂ, ಕಾಲಪ್ರಮಾಣವೂ, ಗಮಕದ ವೇಗವೂ ಒಟ್ಟಿಗೆ ಬದಲಾಗುತ್ತವೆ. ಇಂತಹ ಪ್ರತಿಯನ್ನು ಕೇಳಿ ಒಬ್ಬ ವಿದ್ವಾಂಸರು ಮಧ್ಯವಯಸ್ಸಿನಲ್ಲಿ ಯಾವ ಶ್ರುತಿಯಲ್ಲಿ, ಯಾವ ಕಾಲದಲ್ಲಿ ಹಾಡುತ್ತಿದ್ದರೆಂದು ನಿರ್ಣಯಿಸಿದರೆ ಆ ನಿರ್ಣಯವು ಯಂತ್ರದ ದೋಷವನ್ನೇ ಚರಿತ್ರೆಯೆಂದು ಬರೆದಂತೆ.

ಶ್ರುತಿಯನ್ನು ನಿಷ್ಕರ್ಷಿಸಲು ಒಂದು ಸ್ವಾರಸ್ಯವಾದ ಸಾಕ್ಷಿಯುಂಟು. ನಮ್ಮ ದೇಶದ ವಿದ್ಯುತ್ಪ್ರವಾಹವು ಸೆಕೆಂಡಿಗೆ ೫೦ ಆವರ್ತಗಳದು. ಧ್ವನಿವರ್ಧಕದ ತಂತಿಗಳ ಮೂಲಕ ಅದರ ಮಂದ್ರವಾದ ಗುಂಯ್‌ಕಾರವು ಟೇಪಿಗೂ ಇಳಿದಿರುತ್ತದೆ. ಪ್ರತಿಯಲ್ಲಿ ಅದು ೫೩ ಎಂದು ಕಂಡುಬಂದರೆ ಟೇಪು ನೂರಕ್ಕೆ ಆರರಷ್ಟು ಬೇಗ ಓಡುತ್ತಿದೆಯೆಂದು ಊಹಿಸಬಹುದು. ಬ್ಯಾಟರಿಯಿಂದ ನಡೆಯುವ ಯಂತ್ರದಲ್ಲಿ, ಬ್ಯಾಟರಿ ಸೊರಗಿದಂತೆಲ್ಲ ಮುದ್ರಣದ ವೇಗವು ಕುಗ್ಗುವುದರಿಂದ, ಈಗ ಸಮವೇಗದಲ್ಲಿ ಓಡಿಸಿದಾಗ ಶ್ರುತಿಯು ಮೆಲ್ಲಮೆಲ್ಲನೆ ಏರುತ್ತ ಹೋಗುತ್ತದೆ. ಗುಂಯ್‌ಕಾರವೂ ಜೊತೆಯಲ್ಲಿ ಏರಿ ಆ ದೋಷವನ್ನು ಹೊರಗೆಡಹುತ್ತದೆ. ಕೇಳುವವರಿಗೆ ಬೇಡವಾದ ಸದ್ದೇ ಇಲ್ಲಿ ಸಂಪಾದಕನಿಗೆ ಸಾಕ್ಷಿ. ಮೊದಲೇ ಅದನ್ನು ಅಳಿಸಿಬಿಟ್ಟರೆ ಸಾಕ್ಷಿಯೇ ಹೋದಂತಾಯಿತು.

ಆದರೆ ಒಂದೇ ಸಾಕ್ಷಿಯನ್ನು ನಂಬಬಾರದೆಂಬುದೂ ಇಲ್ಲಿಯೇ ಸ್ಪಷ್ಟವಾಗುತ್ತದೆ. ಕೆಲವು ಯಂತ್ರಗಳ ಮೋಟಾರು ವಿದ್ಯುತ್ತಿನ ಆವರ್ತದೊಡನೆಯೇ ಹೆಜ್ಜೆಯಿಟ್ಟು ತಿರುಗುತ್ತದೆ. ಕಚೇರಿಯ ರಾತ್ರಿ ಪ್ರವಾಹವು ೪೮ಕ್ಕೆ ಇಳಿದಿತ್ತೆಂದು ಇಟ್ಟುಕೊಳ್ಳೋಣ. ಆಗ ಟೇಪೂ ಅದೇ ಪ್ರಮಾಣದಲ್ಲಿ ನಿಧಾನವಾಗಿ ಓಡಿರುತ್ತದೆ. ಈಗ ಸರಿಯಾದ ವೇಗದಲ್ಲಿ ಓಡಿಸಿದರೆ ಗುಂಯ್‌ಕಾರವು ತಪ್ಪದೆ ೫೦ ಎಂದೇ ಕಾಣುತ್ತದೆ. ಆದರೆ ಹಾಡಿನ ಶ್ರುತಿಯು ನೂರಕ್ಕೆ ನಾಲ್ಕರಷ್ಟು ಏರಿರುತ್ತದೆ. ಸಾಕ್ಷಿ ಸುಳ್ಳು ಹೇಳಲಿಲ್ಲ. ಅದು ತಪ್ಪಿದವರ ಜೊತೆಗೇ ತಪ್ಪಿದೆ. ಒಂದೇ ಮಾತೃಕೆಯಿಂದ ಇಳಿದ ಹತ್ತು ಪ್ರತಿಗಳು ಒಂದೇ ತಪ್ಪನ್ನು ಹೇಳಿದರೆ ಅವು ಹತ್ತು ಸಾಕ್ಷಿಗಳಲ್ಲ, ಒಂದೇ ಸಾಕ್ಷಿಯೆಂಬ ಗ್ರಂಥಸಂಪಾದನೆಯ ಸೂತ್ರಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಸಿಕ್ಕದು.

ಆದುದರಿಂದ ಬೇರೆ ಆಧಾರಗಳನ್ನೂ ಕೂಡಿಸಬೇಕು. ಧಾರವಾಡದ ಕಡೆಯ ಹಿಂದೂಸ್ಥಾನಿ ಕಚೇರಿಗಳಲ್ಲಿ ಹಾರ್ಮೋನಿಯಂ ಜೊತೆಗಿದ್ದರೆ ಅದರ ಸ್ವರಗಳು ಲೋಹದ ಪತ್ತಿಗಳಲ್ಲಿ ನಿಯತವಾಗಿರುವುದರಿಂದ ಒಳ್ಳೆಯ ಆಧಾರವಾಗುತ್ತವೆ. ತಂಬೂರಿಯಾದರೋ ಗಾಯಕನ ಶ್ರುತಿಯನ್ನೇ ಅನುಸರಿಸುವುದರಿಂದ ಸ್ವತಂತ್ರ ಸಾಕ್ಷಿಯಾಗಲಾರದು. ಅದೇ ವಿದ್ವಾಂಸರ ಅದೇ ಕಾಲದ ಬೇರೆ ಮುದ್ರಣಗಳು, ನಡುವೆ ಕೇಳಿಬರುವ ಮಾತಿನ ಸಹಜತೆ, ಕಚೇರಿಯ ಗೊತ್ತಾದ ಅವಧಿ ಇವೆಲ್ಲ ನೆರವಿಗೆ ಬರುತ್ತವೆ. ಇಷ್ಟಾದರೂ ನಿರ್ಣಯವು ಸಂದಿಗ್ಧವಾದರೆ, ಸಂದಿಗ್ಧವೆಂದೇ ಬರೆದಿಡುವುದು ಪ್ರಾಮಾಣಿಕತೆ.

೫

ಇನ್ನು ಗದ್ದಲವನ್ನು ತೆಗೆಯುವ ವಿಚಾರ. ಇದಕ್ಕಾಗಿ ಬಳಸುವ ಗಣಕಕ್ರಮಗಳ ಸಾಮಾನ್ಯ ತತ್ತ್ವವು ಹೀಗಿದೆ: ಯಾವ ಧ್ವನಿಯು ಬದಲಾಗದೆ ಒಂದೇ ಸಮನಾಗಿ ಇರುವುದೋ ಅದು ಗದ್ದಲ, ಯಾವುದು ಬದಲಾಗುತ್ತ ಹೋಗುವುದೋ ಅದು ಸಂಗೀತ. ಪಾಶ್ಚಾತ್ಯ ವಾದ್ಯವೃಂದಕ್ಕೆ ಈ ಭೇದವು ಬಹುಮಟ್ಟಿಗೆ ಸಲ್ಲಬಹುದು. ಆದರೆ ನಮ್ಮ ಕಚೇರಿಯ ಅಡಿಗಲ್ಲೇ ಒಂದೇ ಸಮನಾಗಿ ಮೊಳಗುವ ತಂಬೂರಿ. ಹಾಡು ಆರಂಭವಾಗುವ ಮೊದಲಿನ ಕೆಲವು ಕ್ಷಣಗಳನ್ನು ಗದ್ದಲದ ಮಾದರಿಯೆಂದು ಆರಿಸಿಕೊಳ್ಳುವುದು ಈ ಕ್ರಮದಲ್ಲಿ ವಾಡಿಕೆ. ಆ ಕ್ಷಣಗಳಲ್ಲಿ ತಂಬೂರಿಯು ಮೀಟುತ್ತಿದ್ದರೆ ಗಣಕವು ತಂಬೂರಿಯನ್ನೇ ಕಸವೆಂದು ತಿಳಿದು ಕಚೇರಿಯ ಉದ್ದಕ್ಕೂ ಗುಡಿಸಿಹಾಕುತ್ತದೆ. ಫಲವಾಗಿ ಕಂಠವು ಶೂನ್ಯದಲ್ಲಿ ತೂಗುಬಿಟ್ಟಂತೆ ಕೇಳಿಸುತ್ತದೆ. ಗಾಯಕನು ಯಾವ ಆಧಾರಕ್ಕೆ ಸ್ವರವನ್ನು ಹೊಂದಿಸಿದನೋ ಆ ಆಧಾರವೇ ಮಾಯವಾದ ಮೇಲೆ ಅವನ ಅಂತರಗಾಂಧಾರದ ಸೂಕ್ಷ್ಮವನ್ನು ಅಳೆಯುವುದು ಹೇಗೆ?

ಚಟಪಟ ಸದ್ದುಗಳನ್ನು ತೆಗೆಯುವ ಕ್ರಮದಲ್ಲಿಯೂ ಇದೇ ತೊಡಕು. ಥಟ್ಟನೆ ಏರಿ ಥಟ್ಟನೆ ಇಳಿಯುವ ಧ್ವನಿಯನ್ನೆಲ್ಲ ಅದು ದೋಷವೆಂದೆಣಿಸುತ್ತದೆ. ಮೃದಂಗದ ಚಾಪು, ಘಟದ ಪೆಟ್ಟು, ವೀಣೆಯ ಮೀಟು ಇವೂ ಹಾಗೆಯೇ ಏರುವುವಾದುದರಿಂದ ಅವುಗಳ ಮೊನೆಯು ಸವೆದುಹೋಗುವುದು. ಮೈಸೂರು ಬಾಣಿಯ ವೀಣಾವಾದನದಲ್ಲಿ ಮೀಟಿನ ಕ್ರಮಕ್ಕೆ ಎಷ್ಟು ಬೆಲೆಯುಂಟೆಂಬುದನ್ನು ಬಲ್ಲವರು ಈ ನಷ್ಟವನ್ನು ಅಲ್ಪವೆಂದು ಹೇಳಲಾರರು. ಮೇಲುಸ್ವರಾಂಶಗಳನ್ನು ಅತಿಯಾಗಿ ಕತ್ತರಿಸಿದರೆ ಸಾಹಿತ್ಯದ ಸಕಾರ, ಶಕಾರ, ಷಕಾರಗಳ ಭೇದವೇ ಅಳಿದು, ಪದದ ಪಾಠನಿರ್ಣಯಕ್ಕೂ ಅಡ್ಡಿಯಾಗುತ್ತದೆ. ಸಾಹಿತ್ಯವಿದ್ಯಾರ್ಥಿಗಳಿಗೆ ಇದು ನೇರವಾಗಿ ಸಂಬಂಧಿಸಿದ ಮಾತು. ದೇವರನಾಮಗಳ ಹಾಡುಪಾಠಗಳನ್ನು ಮುದ್ರಿತ ಪಾಠಗಳೊಡನೆ ಹೋಲಿಸುವವರಿಗೆ ಇಂತಹ ಸುರುಳಿಗಳು ಬೆಲೆಯುಳ್ಳ ಆಕರಗಳು.

ಸಭೆಯ ಸದ್ದೂ ಗದ್ದಲವೇ ಎಂಬ ಪ್ರಶ್ನೆಯೂ ಏಳುತ್ತದೆ. ರಸಿಕರ ‘ಭಲೇ’ ಎಂಬ ಉದ್ಗಾರ, ತೊಡೆಯ ಮೇಲೆ ತಾಳಹಾಕುವ ಸದ್ದು, ಪಕ್ಕವಾದ್ಯದವರಿಗೆ ಗಾಯಕನು ಮೆಲ್ಲನೆ ಹೇಳಿದ ಮಾತು ಇವು ಕಚೇರಿಯ ಅಂಗಗಳು. ಯಾವ ಸಂಗತಿಗೆ ಸಭೆಯು ಎಚ್ಚೆತ್ತುಕೊಂಡಿತೆಂಬುದು ಆ ಕಾಲದ ಅಭಿರುಚಿಗೆ ಆಧಾರ. ಅವುಗಳನ್ನು ತೆಗೆದರೆ ಉಳಿಯುವುದು ಹಾಡು, ಸಭೆಯಲ್ಲ.

೬

ಏಳು ಅಂಗುಲದ ಸುರುಳಿಯಲ್ಲಿ ೧,೨೦೦ ಅಡಿ ಟೇಪಿದ್ದು ಸೆಕೆಂಡಿಗೆ ಏಳೂವರೆ ಅಂಗುಲದಂತೆ ಓಡಿದರೆ ೩೨ ನಿಮಿಷಕ್ಕೆ ಮುಗಿಯುತ್ತದೆ. ಕಚೇರಿಯು ಅಷ್ಟರಲ್ಲಿ ನಿಲ್ಲದು. ಸುರುಳಿಯನ್ನು ಬದಲಿಸುವ ಒಂದೆರಡು ನಿಮಿಷದಲ್ಲಿ ಆಲಾಪನೆಯ ನಡುಭಾಗವೋ ಪಲ್ಲವಿಯ ಎತ್ತುಗಡೆಯೋ ಕಳೆದುಹೋಗುತ್ತದೆ. ಇದು ಗ್ರಂಥಪಾತ. ಇಂತಹ ಎಡೆಯನ್ನು ಅದೇ ವಿದ್ವಾಂಸರ ಇನ್ನೊಂದು ಕಚೇರಿಯ ತುಣುಕಿನಿಂದ ತುಂಬಿ, ಸೇರುವೆ ಕಾಣದಂತೆ ಮಾಡುವುದು ಈಗ ಕಷ್ಟವಲ್ಲ. ಆದರೆ ಅದು ಪ್ರಕ್ಷೇಪ. ಪುಣೆಯ ಭಾಂಡಾರ್ಕರ್ ಸಂಸ್ಥೆಯು ಮಹಾಭಾರತದ ಪರಿಷ್ಕೃತ ಮುದ್ರಣದಲ್ಲಿ ದಶಕಗಳ ಕಾಲ ಶ್ರಮಿಸಿದುದು ಹೆಚ್ಚಾಗಿ ಇಂತಹ ಸೇರ್ಪಡೆಗಳನ್ನು ಬೇರ್ಪಡಿಸುವುದಕ್ಕಾಗಿಯೇ ಅಲ್ಲವೇ? ಧ್ವನಿಯಲ್ಲಿ ಅದೇ ತೊಡಕನ್ನು ಹೊಸದಾಗಿ ಹುಟ್ಟಿಸುವುದು ವಿವೇಕವಲ್ಲ.

ಕಲಿಯುವ ಗಣಕಗಳ ಕ್ರಮಗಳು ಬಂದ ಮೇಲೆ ಈ ಎಚ್ಚರವು ಇಮ್ಮಡಿಯಾಗಬೇಕು. ಒಂದೇ ವಾಹಿನಿಯಲ್ಲಿ ಬೆರೆತ ಕಂಠವಾದ್ಯಗಳನ್ನು ಬಿಡಿಸಿ ಕೊಡಲು ಅವು ಬಲ್ಲುವು. ಬೀಟಲ್ಸ್ ತಂಡದ ಹಳೆಯ ಮುದ್ರಣಗಳ ಮೇಲೆ ೨೦೨೨ ಮತ್ತು ೨೦೨೩ರಲ್ಲಿ ನಡೆದ ಕೆಲಸವು ಲೋಕಪ್ರಸಿದ್ಧವಾಗಿದೆ. ಆದರೆ ಬಿಡಿಸುವುದಕ್ಕೂ ಊಹಿಸಿ ತುಂಬುವುದಕ್ಕೂ ನಡುವಿನ ಗೆರೆ ಬಹಳ ತೆಳ್ಳಗಿದೆ. ಟೇಪಿನಲ್ಲಿ ಇಲ್ಲದ ಸ್ವರವನ್ನು ಗಣಕವು ಸಾವಿರಾರು ಬೇರೆ ಮುದ್ರಣಗಳಿಂದ ಕಲಿತ ಅಭ್ಯಾಸದಂತೆ ತಾನೇ ರಚಿಸಿಕೊಟ್ಟರೆ, ಒಬ್ಬ ವಿದ್ವಾಂಸರ ವಿಶಿಷ್ಟವಾದ ಗಮಕವು ಎಲ್ಲರ ಸಾಮಾನ್ಯ ಗಮಕವಾಗಿ ಮಾರ್ಪಡುವುದು. ಅಪೂರ್ವ ಶಬ್ದವನ್ನು ತಿಳಿಯದೆ ಸುಲಭ ಶಬ್ದವನ್ನು ಹಾಕಿದ ಲಿಪಿಕಾರನ ತಪ್ಪೂ ಇದೇ ಜಾತಿಯದು.

ಒಂದೇ ಕಚೇರಿಗೆ ಎರಡು ಸುರುಳಿಗಳು ಸಿಕ್ಕುವುದೂ ಉಂಟು: ಬಾನುಲಿಯವರು ಮುದ್ರಿಸಿದುದು ಒಂದು, ರಸಿಕರೊಬ್ಬರು ಸಭೆಯಲ್ಲಿ ಕುಳಿತು ಮುದ್ರಿಸಿದುದು ಇನ್ನೊಂದು. ಮೊದಲನೆಯದು ಧ್ವನಿಯಲ್ಲಿ ಶುದ್ಧ, ಆದರೆ ಪ್ರಸಾರದ ಅವಧಿಗೆ ಕತ್ತರಿಸಿರಬಹುದು. ಎರಡನೆಯದು ಮಂಕು, ಆದರೆ ಪೂರ್ಣವಾಗಿರಬಹುದು. ಹಾಗೆಯೇ ಮೂಲ ಸುರುಳಿಯು ಕೆಟ್ಟುಹೋಗುವ ಮೊದಲು ಅದರಿಂದ ಇಳಿಸಿಕೊಂಡ ಕ್ಯಾಸೆಟ್ಟಿನಲ್ಲಿ, ಈಗ ಮೂಲದಲ್ಲಿ ಇಲ್ಲದ ಭಾಗವು ಉಳಿದಿರಬಹುದು. ತಡವಾಗಿ ಹುಟ್ಟಿದ ಪ್ರತಿಯೆಂದು ಅದನ್ನು ಎಸೆಯಬಾರದು. ಎರಡನ್ನೂ ಹೋಲಿಸಿ, ಎಲ್ಲಿ ಯಾವುದನ್ನು ಅನುಸರಿಸಲಾಯಿತೆಂದು ಗುರುತುಮಾಡುವುದೇ ಸರಿಯಾದ ಮಾರ್ಗ.

೭

ಓಲೆಯ ಪ್ರತಿಗೆ ಪುಷ್ಪಿಕೆಯಿದ್ದಂತೆ ಸುರುಳಿಗೆ ಅದರ ಡಬ್ಬಿಯ ಮೇಲಿನ ಬರಹ. ಊರು, ದಿನ, ಪಕ್ಕವಾದ್ಯದವರ ಹೆಸರು, ಟೇಪಿನ ವೇಗ ಇವೆಲ್ಲ ಅಲ್ಲಿ ಇರಬಹುದು. ತಪ್ಪಾಗಿಯೂ ಇರಬಹುದು, ಬೇರೆ ಸುರುಳಿಯ ಡಬ್ಬಿಯೂ ಆಗಿರಬಹುದು. ಗಂಗೂಬಾಯಿ ಹಾನಗಲ್ಲರ ಮೊದಮೊದಲಿನ ಗ್ರಾಮಫೋನು ತಟ್ಟೆಗಳು ‘ಗಾಂಧಾರಿ’ ಎಂಬ ಹೆಸರಿನಲ್ಲಿ ಹೊರಬಂದುವೆಂಬುದನ್ನು ನೆನೆದರೆ, ಹೆಸರಿನ ಚೀಟಿಯನ್ನೂ ಪರೀಕ್ಷಿಸದೆ ಒಪ್ಪಬಾರದೆಂಬುದು ಮನವರಿಕೆಯಾಗುತ್ತದೆ. ಆದರೆ ಚೀಟಿಯು ತಪ್ಪೆಂದು ಕಂಡರೂ ಅದನ್ನು ಬಿಸಾಡದೆ ಚಿತ್ರತೆಗೆದು ಧ್ವನಿಯೊಡನೆ ಇಡತಕ್ಕದ್ದು.

ತಿಳಿವಳಿಕೆಯು ಚೀಟಿಯಲ್ಲಿಯೇ ಅಲ್ಲದೆ ಜನರ ನೆನಪಿನಲ್ಲಿಯೂ ಇರುತ್ತದೆ. ಡಚ್ಚರ ವಿದ್ವಾಂಸ ಆರ್ನಾಲ್ಡ್ ಬಾಕೆ ೧೯೩೮ರಲ್ಲಿ ದಕ್ಷಿಣ ಭಾರತದಲ್ಲಿ ಮಾಡಿದ ಧ್ವನಿಮುದ್ರಣಗಳನ್ನು ನಝೀರ್ ಜೈರಾಜ್‌ಭಾಯ್ ಮತ್ತು ಏಮಿ ಕ್ಯಾಟ್ಲಿನ್ ೧೯೮೪ರಲ್ಲಿ ಮರಳಿ ಕರ್ನಾಟಕ, ಕೇರಳ, ತಮಿಳುನಾಡುಗಳಿಗೆ ತಂದು, ಆ ಕಲೆಗಳು ಹೇಗೆ ಉಳಿದುವು, ಹೇಗೆ ಬದಲಾದುವು ಎಂದು ವಿಚಾರಿಸಿದರು. ಸುರುಳಿಯನ್ನು ಅದರ ಊರಿನವರ ಕಿವಿಗೆ ಮರಳಿಸಿದಾಗಲೇ ಅದರ ಟೀಕೆಯು ಪೂರ್ಣವಾಗುವುದೆಂಬುದಕ್ಕೆ ಇದು ಮಾರ್ಗದರ್ಶಕ. ಆ ಕಚೇರಿಗಳನ್ನು ಕೇಳಿದ ಹಿರಿಯರು ವರ್ಷೇ ವರ್ಷೇ ಕಡಿಮೆಯಾಗುತ್ತಿರುವುದರಿಂದ ಈ ವಿಚಾರಣೆಯೂ ತಡವಾಗಬಾರದು.

೮

ಮೇಲೆ ಹೇಳಿದುದರ ತಾತ್ಪರ್ಯವಿಷ್ಟು. ಪ್ರತಿಯೊಂದು ಸುರುಳಿಗೂ ಎರಡು ಪ್ರತಿಗಳು ಬೇಕು: ಏನನ್ನೂ ತಿದ್ದದ ಮಾತೃಕೆಯೊಂದು, ಕೇಳುಗರಿಗಾಗಿ ಸಂಸ್ಕರಿಸಿದ ವಾಚಿಕೆಯೊಂದು. ವಾಚಿಕೆಯ ಜೊತೆಗೆ, ಯಾವ ನಿಮಿಷದಲ್ಲಿ ಏನನ್ನು ತೆಗೆಯಲಾಯಿತು, ವೇಗವನ್ನು ಎಷ್ಟು ತಿದ್ದಲಾಯಿತು, ಯಾವ ಸಾಕ್ಷಿಯಿಂದ ಎಂಬ ಪಾಠಾಂತರಪಟ್ಟಿಯಿರಬೇಕು. ಗ್ರಂಥದ ಅಡಿಯಲ್ಲಿ ಪಾಠಾಂತರಗಳನ್ನು ಕೊಡದ ಸಂಪಾದನೆಯನ್ನು ವಿದ್ವಾಂಸರು ಒಪ್ಪುವುದಿಲ್ಲ. ಧ್ವನಿಯ ವಿಷಯದಲ್ಲಿಯೂ ಅದೇ ಬಿಗಿಯಿರುವುದು ನ್ಯಾಯ.

ಈ ಎರಡು ಕೆಲಸಗಳಿಗೂ ಕಾಲದ ಪರಿಮಿತಿಯು ಒಂದೇ ಅಲ್ಲ. ಟೇಪುಗಳು ಕೆಡುವುದರ ಜೊತೆಗೆ, ಅವನ್ನು ಓಡಿಸುವ ಯಂತ್ರಗಳೂ ಬಿಡಿಭಾಗಗಳೂ ಅವನ್ನು ರಿಪೇರಿಮಾಡಬಲ್ಲ ಕುಶಲಿಗಳೂ ಮರೆಯಾಗುತ್ತಿರುವುದರಿಂದ, ೨೦೨೫ನೆಯ ಇಸವಿಯ ಸುಮಾರಿಗೆ ಪ್ರತೀಕರಣವು ಬಹುಮಟ್ಟಿಗೆ ಅಸಾಧ್ಯವಾಗಬಹುದೆಂದು ಧ್ವನಿಭಂಡಾರಗಳ ತಜ್ಞರು ಬಹುಕಾಲದಿಂದ ಎಚ್ಚರಿಸುತ್ತ ಬಂದರು. ಯುನೆಸ್ಕೋ ಸಂಸ್ಥೆಯ ಆಶ್ರಯದಲ್ಲಿ ೨೦೧೯ರಲ್ಲಿ ಈ ಬಗ್ಗೆ ಲೋಕವ್ಯಾಪಿಯಾದ ವಿಚಾರಣೆಯೂ ನಡೆಯಿತು. ಆ ಕಾಲವು ಈಗ ಬಂದೊದಗಿದೆ. ಆದುದರಿಂದ ಪ್ರತಿಮಾಡುವ ಕೆಲಸವು ಕಾಯಲಾರದು. ತಿದ್ದುವ ಕೆಲಸವಾದರೋ ಕಾಯಬಲ್ಲುದು. ಇಂದಿನ ಗಣಕಕ್ಕಿಂತ ನಾಳಿನದು ಕುಶಲವಾದೀತು, ಇಂದಿನ ಕಿವಿಗಿಂತ ನಾಳಿನ ವಿಮರ್ಶಕನ ಕಿವಿ ಸೂಕ್ಷ್ಮವಾದೀತು. ಮಾತೃಕೆಯು ಉಳಿದಿದ್ದರೆ ನೂರು ವಾಚಿಕೆಗಳನ್ನು ಸಿದ್ಧಪಡಿಸಬಹುದು. ಸೊಗಸಾದ ವಾಚಿಕೆಯೊಂದನ್ನು ಮಾತ್ರ ಉಳಿಸಿಕೊಂಡು ಮಾತೃಕೆಯನ್ನು ಕಳೆದುಕೊಂಡರೆ, ಹಳೆಯ ವಿದ್ವಾಂಸರ ಸಂಗೀತದ ಬದಲು ಅದನ್ನು ತಿದ್ದಿದವರ ಅಭಿರುಚಿಯೇ ಮುಂದಿನವರ ಪಾಲಿಗೆ ಉಳಿಯುವುದು.

ಮೈಸೂರಿನ ಪ್ರಾಚ್ಯಕೋಶಾಗಾರದಲ್ಲಿ ಓಲೆಗರಿಗಳ ನಡುವೆ ದೊರೆತ ಕೌಟಿಲ್ಯನ ಅರ್ಥಶಾಸ್ತ್ರವನ್ನು ಆರ್. ಶಾಮಶಾಸ್ತ್ರಿಗಳು ೧೯೦೯ರಲ್ಲಿ ಪ್ರಕಟಿಸಿದರು. ಓಲೆಯನ್ನು ಬೆಲೆಯರಿತು ಕೂಡಿಟ್ಟವರಿದ್ದುದರಿಂದ ಆ ಶೋಧವು ಸಾಧ್ಯವಾಯಿತು. ಸುರುಳಿಗಳಿಗೆ ಓಲೆಯಷ್ಟು ಆಯುಸ್ಸಿಲ್ಲ. ಕಾಲೇಜುಗಳೂ ಸಂಗೀತಸಭೆಗಳೂ ತಂತಮ್ಮ ಸೀಮೆಯಲ್ಲಿ ಇರುವ ಸುರುಳಿಗಳ ಪಟ್ಟಿಯನ್ನಾದರೂ ಈಗಲೇ ಸಿದ್ಧಪಡಿಸಿದರೆ, ಯಾವುದನ್ನು ಮೊದಲು ಪ್ರತಿಮಾಡಬೇಕೆಂಬ ನಿರ್ಣಯಕ್ಕೆ ದಾರಿಯಾದೀತು.